ನಿಕ್ಕಲ್ ಮೇಲಿನ ಕೆಂಪು ಗೆರೆ

ಮೊನ್ನೆ ಕಡೂರಿನಿಂದ ತರೀಕೆರೆಗೆ ಬರುತ್ತಿದ್ದೆ. ಬೀರೂರಿನಲ್ಲಿ ಬಸ್ಸು ಹತ್ತಿದ ಹಿರಿಯರೊಬ್ಬರು ನನ್ನ ಮುಂದಿನ ಸೀಟಿನಲ್ಲಿ ಕೂತರು. ಒಗೆದು ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ. ಬಸ್ಸು ಹೊರಟು ಕಿಟಕಿಯ ಗಾಳಿ ಬೀಸಿದ್ದೇ ತಡ, ಅವರ ಅಂಗಿಯ ವಾಸನೆ ನನ್ನ ಮುಖಕ್ಕೆ ಬಂತು. ಲೇತ್ ಕೂಲಂಟಿನ ವಾಸನೆ. ಲೇತಿನಲ್ಲಿ ಲೋಹ ಕಡೆಯುವಾಗ ಬಿಸಿ ಆರಲಿ ಅಂತ ಸುರಿಯುವ ಹಾಲಿನ ಬಣ್ಣದ ಎಣ್ಣೆನೀರು ಅದು. ನಾಲ್ಕು ದಿನ ಕಳೆದರೆ ಹುಳಿ ಬಂದು ನಾತ ಹಿಡಿಯುತ್ತದೆ. ಬಟ್ಟೆಗೆ ಹತ್ತಿದರೆ ಯಾವ ಸೋಪಿಗೂ ಬಗ್ಗುವುದಿಲ್ಲ.

ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ಪಾಪ, ಅವರದೇನೂ ತಪ್ಪಿರಲಿಲ್ಲ. ಆ ವಾಸನೆ ಬಂದರೆ ನನಗೆ ಒಬ್ಬರು ನೆನಪಾಗುತ್ತಾರೆ, ಅವರು ನೆನಪಾದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ತೀರಿಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾಳೆ ನಮ್ಮಮ್ಮ. ಇಟ್ಟುಕೊಂಡಿದ್ದೇನೆ, ಏನು ಮಾಡಲಿ.

ಕಡೂರಿನ ಹೊರಗೆ, ರಸ್ತೆಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು. ಅಲ್ಲಿ ಅವರು ಲೇತ್ ಮೇಸ್ತ್ರಿ. ಓನರಿಂದ ಹಿಡಿದು ಎಲ್ಲರೂ ‘ಮೇಸ್ತ್ರಿ’ ಅಂತಲೇ ಕರೆಯುತ್ತಿದ್ದರು, ನಾನೊಬ್ಬಳು ‘ದೊಡ್ಡಪ್ಪ’ ಅನ್ನುತ್ತಿದ್ದೆ. ನೆಂಟಸ್ತಿಕೆ ಏನೂ ಇಲ್ಲ. ನಾನು ಪಂಚನಹಳ್ಳಿ ಕಡೆಯವಳು, ಐಟಿಐನಲ್ಲಿ ವೆಲ್ಡರ್ ಟ್ರೇಡ್ ಮಾಡಿ ಸರ್ಟಿಫಿಕೇಟ್ ಹಿಡಿದುಕೊಂಡು ಆ ಶೆಡ್ಡಿಗೆ ಬಂದವಳು. ಅವರು ಅಜ್ಜಂಪುರದಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ಹೆಣ್ಣು ವೆಲ್ಡರ್ ಅಂದಕೂಡಲೇ ಓನರ್ ಮುಖ ಹಿಂಡಿಕೊಂಡು, ಆಫೀಸಿನಲ್ಲಿ ಏನಾದರೂ ಕೆಲಸ ಇದ್ದರೆ ಹೇಳಿ ಕಳಿಸುತ್ತೀನಿ ಅಂದರು. ದೊಡ್ಡಪ್ಪ ಲೇತ್ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಾ ಬಂದು, “ಒಂದ್ ಪೀಸು ಕೊಟ್ಟು ನೋಡ್ರಿ, ಬರ್ದೇ ಇದ್ರೆ ಅವಾಗ ಕಳ್ಸಿ” ಅಂದರು. ಕೊಟ್ಟರು. ಮಾಡಿದೆ. “ಚೊಕ್ಕ ಕೈ” ಅಂದರು ದೊಡ್ಡಪ್ಪ. ಅವತ್ತಿನಿಂದ ನಾನು ಆ ಶೆಡ್ಡಿನವಳಾದೆ. ಈ ಉಪಕಾರವನ್ನು ನಾನು ಮರೆತಿಲ್ಲ. ಮರೆಯುವ ಹಾಗಿದ್ದರೆ ಇಷ್ಟು ಸಿಟ್ಟು ಬರುತ್ತಲೇ ಇರಲಿಲ್ಲ.

ಮಧ್ಯಾಹ್ನ ನನ್ನ ಡಬ್ಬಿ ಅವರ ಡಬ್ಬಿ ಒಟ್ಟಿಗೇ ಬಿಚ್ಚುತ್ತಿದ್ದೆವು. ಅವರ ಸೊಸೆ ಮಾಡುವ ಹುಚ್ಚೆಳ್ಳು ಚಟ್ನಿಯಲ್ಲಿ ಅರ್ಧ ನನಗೇ ಬರುತ್ತಿತ್ತು. ರೊಟ್ಟಿ ಮುರಿಯುವಾಗ ಅವರ ಬೆರಳುಗಳು ಕಣ್ಣಿಗೆ ಬೀಳುತ್ತಿದ್ದವು. ಬೆರಳ ತುಂಬಾ ಗಾಯದ ಗೀರು, ಒಂದು ಒಣಗುವುದರೊಳಗೆ ಇನ್ನೊಂದು. ಸ್ಟೇನ್‌ಲೆಸ್ ಸ್ಟೀಲ್ ಕಡೆಯುವವರ ಪಾಡು ಅದು. ಲೇತಿನಿಂದ ಅದರ ಸಿಪ್ಪೆ ಮಾರುದ್ದ ಸುರುಳಿ ಸುರುಳಿಯಾಗಿ ಏಳುತ್ತದೆ, ಬ್ಲೇಡಿನಷ್ಟು ಚೂಪು. ತುಂಡಾಗುವುದಿಲ್ಲ, ತಿರುಗುವ ಪೀಸಿಗೇ ಸುತ್ತಿಕೊಳ್ಳುತ್ತದೆ. ಮೆಷಿನ್ ನಿಲ್ಲಿಸಿ ಕೊಕ್ಕೆಯಲ್ಲಿ ಎಳೆದು ಬಿಡಿಸಬೇಕು. ವಯಸ್ಸಾದ ಕೈ, ಎಷ್ಟು ಜೋಪಾನ ಮಾಡಿದರೂ ಒಂದಲ್ಲ ಒಂದು ಕಡೆ ಕೊಯ್ಯುತ್ತಿತ್ತು. ನಾನೇ ಎಷ್ಟೋ ಸಲ ಬ್ಯಾಂಡೇಜ್ ಸುತ್ತಿದ್ದೇನೆ...

ನಮ್ಮಿಬ್ಬರ ಕೆಲಸ ಒಂದಕ್ಕೊಂದು ಹೊಂದಿಕೊಂಡಿತ್ತು. ಕೆಮಿಕಲ್ ಫ್ಯಾಕ್ಟರಿಗಳ ವಾಲ್ವಿಗೆ ಕೂರಿಸುವ ಸ್ಟೀಲ್ ರಿಂಗುಗಳನ್ನು ನಮ್ಮಲ್ಲಿ ಮಾಡುತ್ತಿದ್ದರು. ಬರೀ ಸ್ಟೀಲಾದರೆ ಆ ಕೆಮಿಕಲ್ಲು ಅದನ್ನು ತಿಂದು ಹಾಕುತ್ತದೆ. ಅದಕ್ಕೇ ರಿಂಗಿನ ಮುಖದ ಮೇಲೆ ನಿಕ್ಕಲ್ ಮಿಶ್ರಲೋಹದ ತಂತಿಯನ್ನು ಕರಗಿಸಿ ಒಂದು ಪದರ ಕೂರಿಸಬೇಕು. ಶೆಡ್ಡಿನ ಭಾಷೆಯಲ್ಲಿ ಅದು ‘ನಿಕ್ಕಲ್ ಹಾಕೋದು’. ದೊಡ್ಡಪ್ಪ ರಾಡಿನಿಂದ ರಿಂಗು ಕಡೆದು ಕೊಡುತ್ತಿದ್ದರು, ನಾನು ನಿಕ್ಕಲ್ ಹಾಕುತ್ತಿದ್ದೆ, ಆಮೇಲೆ ಅವರೇ ಅದನ್ನು ಕಡೆದು ಮಟ್ಟ ಮಾಡುತ್ತಿದ್ದರು. ಕೊನೆಗೆ ಕೆಂಪು ಬಣ್ಣದ ಸ್ಪ್ರೇ ಹೊಡೆದು, ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯುವುದು. ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಕೂತ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಎದ್ದು ಬರುತ್ತದೆ.

ನನ್ನ ರಿಂಗುಗಳ ಮೇಲೆ ಗೆರೆ ಬರುತ್ತಿರಲಿಲ್ಲ. ಈ ವಿಷಯದಲ್ಲಿ ನನಗೆ ವಿನಯಗಿನಯ ಇಲ್ಲ, ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ನಿಕ್ಕಲ್ ಕರಗಿದಾಗ ಸ್ಟೀಲಿನಷ್ಟು ಸರಾಗವಾಗಿ ಹರಿಯುವುದಿಲ್ಲ. ಮಂದವಾಗಿ, ಸೋಮಾರಿಯ ಹಾಗೆ ಕೂತುಬಿಡುತ್ತದೆ. ಅದನ್ನು ಪುಸಲಾಯಿಸಿ ಮುಂದಕ್ಕೆ ಕರೆದೊಯ್ಯಬೇಕು. ಸಾಲಿನ ಪಕ್ಕ ಸಾಲು, ಹೊಲಿಗೆ ಹಾಕಿದಷ್ಟು ನೇರ. ಹೆಲ್ಮೆಟ್ಟಿನ ಗಾಜಿನೊಳಗಿಂದ ಅದನ್ನು ನೋಡುತ್ತಾ ಕೂತರೆ ನನಗೆ ಹೊರಗಿನ ಪ್ರಪಂಚ ಬೇಡವಾಗುತ್ತಿತ್ತು. ಇದೇ ಕೆಲಸದಲ್ಲಿ ಬಾಳು ಕಳೆಯಬೇಕು ಅಂದುಕೊಂಡಿದ್ದೆ. ಶಿವಮೊಗ್ಗದ ಒಂದು ದೊಡ್ಡ ವರ್ಕ್‌ಶಾಪಿನವರು ನನ್ನ ವಿಚಾರ ಕೇಳಿಕೊಂಡು ಹೋಗಿದ್ದರಂತೆ.

ಹೀಗಿರುವಾಗ ಒಂದು ಸಲ ಮಾಲು ತರಲು ದೊಡ್ಡಪ್ಪನೇ ಹೋದರು. ರಾಡು ಆರಿಸುವುದು ಯಾವಾಗಲೂ ಅವರ ಕೆಲಸ. ಆರಿಸುವುದು ಅಂದರೆ ಏನು, ಜೇಬಿನಿಂದ ಒಂದು ಆಯಸ್ಕಾಂತ ತೆಗೆದು ರಾಡಿಗೆ ತಾಗಿಸುವುದು. ಅಂಟಲಿಲ್ಲ ಅಂದರೆ ಒಳ್ಳೆಯ ಸ್ಟೇನ್‌ಲೆಸ್, ಗಾಡಿಗೆ ಹಾಕು. ಓನರಿಗೂ ಅಷ್ಟೇ ಗೊತ್ತು, ನನಗೂ ಅಷ್ಟೇ ಗೊತ್ತು. ಆ ಸಲ ತಂದ ರಾಡು ಲೇತಿಗೆ ಏರಿದಾಗ ಶೆಡ್ಡಿನಲ್ಲೆಲ್ಲ ಖುಷಿ. ಸುರುಳಿ ಏಳಲೇ ಇಲ್ಲ. ಸಿಪ್ಪೆ ಪುಡಿಪುಡಿಯಾಗಿ ಟ್ರೇಗೆ ಉದುರುತ್ತಿತ್ತು. ದೊಡ್ಡಪ್ಪ ಒಂದು ಬೊಗಸೆ ಎತ್ತಿ ನನಗೆ ತೋರಿಸಿದರು. “ನೋಡವ್ವ, ಎಂಥಾ ಮಾಲು ತಂದಿವ್ನಿ. ಬೆಣ್ಣೆ ಕುಯ್ದಂಗ್ ಹೋಯ್ತದೆ.” ಅವರ ಬೆರಳಿನ ಗಾಯಗಳು ಒಣಗುತ್ತಾ ಬಂದವು. ನನಗೂ ನೆಮ್ಮದಿಯೇ ಆಯಿತು.

ಗೆರೆಗಳು ಶುರುವಾದದ್ದು ಅದೇ ರಿಂಗುಗಳಿಂದ. ಬಿಳಿ ಪುಡಿ ಒಣಗುತ್ತಿದ್ದ ಹಾಗೆ ವೆಲ್ಡ್ ಸಾಲಿನ ನಟ್ಟನಡುವೆ ಕೆಂಪು ಎಳೆ ಮೂಡಿತು. ಒಂದರಲ್ಲಿ, ಮತ್ತೊಂದರಲ್ಲಿ, ಕೊನೆಗೆ ಎಲ್ಲದರಲ್ಲೂ. ನಾನು ಮಾಡದ ಪ್ರಯತ್ನವಿಲ್ಲ. ಕರೆಂಟು ಇಳಿಸಿದೆ. ಸಾಲು ಸಣ್ಣದು ಮಾಡಿದೆ. ರಿಂಗನ್ನು ಅಸಿಟೋನಿನಲ್ಲಿ ಒರೆಸಿ ಒರೆಸಿ ಕನ್ನಡಿ ಮಾಡಿದೆ. ತಂತಿಯ ಹೊಸ ಪ್ಯಾಕೆಟ್ ಒಡೆದೆ. ಕೊನೆಗೆ ದೊಡ್ಡಪ್ಪನನ್ನೇ ಕೇಳಿದೆ, ರಾಡು ಏನಾದರೂ ಬೇರೆಯಾ ಅಂತ. ಅವರು ಆಯಸ್ಕಾಂತ ತಾಗಿಸಿ ತೋರಿಸಿದರು. “ಅದೇ ಮಾಲು ಕಣವ್ವ. ಸ್ಟೇನ್‌ಲೆಸ್ ಅಂದ್ಮೇಲೆ ಸ್ಟೇನ್‌ಲೆಸ್ಸೇ.” ಅವರ ಮಾತಿಗಿಂತ ಮೇಲೆ ನನಗೆ ಇನ್ನೊಂದು ಪರೀಕ್ಷೆ ಇರಲಿಲ್ಲ.

ಶೆಡ್ಡಿನಲ್ಲಿ ಗುಸುಗುಸು ಶುರುವಾಯಿತು. ಹೆಣ್ಣಿನ ಕೈ, ನಡುಗುತ್ತೆ ಅಂದರು. ಮದುವೆ ಮಾತು ನಡೀತಿದೆಯಲ್ಲ, ಗಮನ ಇಲ್ಲ ಅಂದರು. ಮುಟ್ಟಿನ ದಿನ ಬಂದು ಕೆಲಸ ಮಾಡುತ್ತಾಳೆ ಅಂತಲೂ ಒಬ್ಬ ಅಂದ. ಅವನ ಹಲ್ಲು ಮುರಿಯಬೇಕಿತ್ತು, ಮುರಿಯಲಿಲ್ಲ. ರಿಂಗಿನ ಚಿಂತೆಯಲ್ಲಿ ಅದಕ್ಕೂ ಪುರುಸೊತ್ತು ಇರಲಿಲ್ಲ.

ಆಮೇಲೆ ರಿಂಗು ಕೊಳ್ಳುವ ಕಂಪನಿಯ ಇನ್ಸ್‌ಪೆಕ್ಟರ್ ಬಂದರು. ಎಲ್ಲರೆದುರು ನನ್ನಿಂದ ಒಂದು ರಿಂಗಿಗೆ ನಿಕ್ಕಲ್ ಹಾಕಿಸಿದರು. ರಿಂಗು ಕಡೆದು ಟೇಬಲ್ಲಿನ ಮೇಲೆ ಇಟ್ಟವರು ದೊಡ್ಡಪ್ಪ. ನಾನು ಹಾಕಿದ ಸಾಲು ಅಷ್ಟು ಚಂದ ಇತ್ತು... ಆಮೇಲೆ ಮಟ್ಟ ಮಾಡಿ, ಕೆಂಪು ಹೊಡೆದು, ಬಿಳಿ ಹೊಡೆದರು. ನಡುವಿನಲ್ಲಿ ಗೆರೆ ಮೂಡಿತು. ಇನ್ಸ್‌ಪೆಕ್ಟರ್ ರಿಂಗನ್ನು ತಿರುಗಿಸಿ ನೋಡುತ್ತಾ, ಈ ರಾಡು ಎಲ್ಲಿಂದ ತಂದದ್ದು, ಟೆಸ್ಟ್ ಮಾಡಿಸಿದ್ದೀರಾ ಅಂತ ಒಂದು ಮಾತು ಕೇಳಿದರು. ಓನರ್ ಕೈ ಬೀಸಿ, “ನಮ್ ಮೇಸ್ತ್ರಿ ಆರ್ಸಿದ್ದು ಸಾರ್, ಮಾಲಿನ್ ವಿಷ್ಯ ನೀವು ಕೇಳಂಗೇ ಇಲ್ಲ” ಅಂದುಬಿಟ್ಟರು. ಆ ಮಾತು ಅಲ್ಲಿಗೇ ನಿಂತಿತು. ಓನರ್ ನನ್ನ ಕಡೆ ತಿರುಗಿ, “ನೀನು ಗೇಟು ಗೀಟು ಮಾಡ್ಕಂಡಿರಮ್ಮ, ಇದೆಲ್ಲ ನಿನ್ ಕೈಗಲ್ಲ” ಅಂದರು. ನಾನು ದೊಡ್ಡಪ್ಪನ ಮುಖ ನೋಡಿದೆ. ಅವರು ತಲೆ ಬಗ್ಗಿಸಿ ಲೇತ್ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ನಾನು ಕೆಲಸ ಬಿಟ್ಟು ಊರಿಗೆ ಹೋದೆ, ನನ್ನ ಜಾಗಕ್ಕೆ ಭದ್ರಾವತಿ ಕಡೆಯಿಂದ ಒಬ್ಬ ವೆಲ್ಡರ್ ಬಂದ. ಅವನ ಮೊದಲ ರಿಂಗಿನಿಂದಲೇ ಗೆರೆ ಮಾಯ. ಶೆಡ್ಡಿನವರು ಫೋನ್ ಮಾಡಿ ನನಗೆ ಸುದ್ದಿ ಮುಟ್ಟಿಸಿದರು, ಮುಟ್ಟಿಸಲೇಬೇಕಲ್ಲ. ಅವತ್ತು ನಾನು ಹಿತ್ತಲಲ್ಲಿ ಕೂತು ನನ್ನ ಕೈಗಳನ್ನೇ ನೋಡಿಕೊಂಡೆ. ಊರೆಲ್ಲ ಅಂದಿದ್ದನ್ನು ಸಹಿಸಬಹುದು, ನನ್ನ ಕೈ ಮೇಲೆ ನನಗೇ ಅನುಮಾನ ಬಂತಲ್ಲ, ಅದಕ್ಕೆ ನಾನು ಯಾರನ್ನೂ ಕ್ಷಮಿಸಲಾರೆ. ಶಿವಮೊಗ್ಗದವರು ಕಡೂರಿಗೆ ಫೋನ್ ಮಾಡಿ ವಿಚಾರಿಸಿ ಸುಮ್ಮನಾದರು. ಹಾಸನದಲ್ಲಿ ಕೇಳಿದೆ, ಅವರೂ ಕಡೂರಿಗೇ ಫೋನ್ ಮಾಡಿದರು. ಮದುವೆಯಾಗಿ ತರೀಕೆರೆಗೆ ಬಂದ ಮೇಲೆ ಒಂದು ವೆಲ್ಡಿಂಗ್ ಅಂಗಡಿ ಇಟ್ಟೆ. ಗೇಟು, ಕಿಟಕಿ ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರಿನ ರಿಪೇರಿ. ಓನರ್ ಬಾಯಿ ಹರಕೆ ಫಲಿಸಿತು.

ಅಂಗಡಿ ಇಟ್ಟು ಎಷ್ಟೋ ವರ್ಷದ ಮೇಲೆ ಯಾರೋ ಒಂದು ಸ್ಟೀಲ್ ಶಾಫ್ಟ್ ತಂದರು, ಸವೆದಿದೆ, ನಿಕ್ಕಲ್ ತುಂಬಿ ಕೊಡಿ ಅಂತ. ಕೈ ತುರಿಸಿತು, ಒಪ್ಪಿಕೊಂಡೆ. ತುಂಬಿದೆ. ಕಣ್ಣಿಗೇ ಕಾಣುವ ಹಾಗೆ ನಡುವೆ ಬಿರುಕು ಬಿಟ್ಟಿತು. ಅದೇ ಜಾಗ, ಅದೇ ಗೆರೆ. ಹಾಕಿದ ನಿಕ್ಕಲನ್ನು ಕಡೆಸಿ ತೆಗೆಸೋಣ ಅಂತ ಪಕ್ಕದ ಲೇತ್ ಅಂಗಡಿಗೆ ಒಯ್ದೆ. ಅಂಗಡಿಯವರು ಶಾಫ್ಟಿನ ತುದಿಗೆ ಉಳಿ ತಾಗಿಸಿದ್ದೇ ತಡ, ಸಿಪ್ಪೆ ಪುಡಿಪುಡಿಯಾಗಿ ಉದುರಿತು. ಅವರು ನಕ್ಕರು. “ಏನಕ್ಕ ನೀವು, ಇದ್ರ ಮೇಲೆ ನಿಕ್ಕಲ್ ಹಾಕೋಕ್ ಹೋಗಿದೀರ. ಇದು ಫ್ರೀ ಕಟಿಂಗ್ ಮಾಲು ಕಣಕ್ಕ, ಗಂಧಕ ಬೆರ್ಸಿರ್ತಾರೆ, ಕಡೆಯೋಕೆ ಸಲೀಸಾಗ್ಲಿ ಅಂತ. ಆಯಸ್ಕಾಂತಕ್ಕೆ ಇದೂ ಅಂಟಲ್ಲ. ಬ್ರಹ್ಮ ಬಂದು ಹಾಕಿದ್ರೂ ಸೀಳುತ್ತೆ.”

ಸೀಳುವುದು ಯಾಕೆ ಅಂತಲೂ ಅವರೇ ಹೇಳಿದರು. ಕೊಬ್ಬರಿ ಮಿಠಾಯಿ ತಟ್ಟೆಗೆ ಸುರಿದಾಗ ಅಂಚು ಮೊದಲು ಗಟ್ಟಿಯಾಗಿ ನಡು ಇನ್ನೂ ಹಸಿಯಿರುತ್ತದಲ್ಲ, ಕರಗಿದ ನಿಕ್ಕಲ್ ಕೂಡ ಹಾಗೇ ಎರಡೂ ಬದಿಯಿಂದ ಹೆಪ್ಪುಗಟ್ಟುತ್ತಾ ಬರುತ್ತದೆ. ಕೆಳಗಿನ ಸ್ಟೀಲಿನಿಂದ ಕರಗಿ ಬಂದ ಗಂಧಕ ಗಟ್ಟಿಯಾದ ಕಡೆ ನಿಲ್ಲುವುದಿಲ್ಲ, ಕೊನೆಗೆ ಉಳಿದ ನಡುವಿನ ಹಸಿಗೇ ಬಂದು ಸೇರುತ್ತದೆ. ಸೇರಿ ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ. ಅಷ್ಟರಲ್ಲಿ ಎರಡೂ ಬದಿ ಆರಿ ಕುಗ್ಗುತ್ತಾ ಎಳೆಯುತ್ತವೆ. ಹಸಿ ಇದ್ದ ಕಡೆ ಸೀಳುತ್ತದೆ. ವೆಲ್ಡರ್ ಕೈಗೂ ಅದಕ್ಕೂ ಸಂಬಂಧವೇ ಇಲ್ಲ.

ನಾನು ಆ ಪುಡಿಯನ್ನು ನೋಡುತ್ತಾ ನಿಂತುಬಿಟ್ಟೆ. ದೊಡ್ಡಪ್ಪನ ಟ್ರೇ, ಅವರ ಬೊಗಸೆ, ಒಣಗಿದ ಗಾಯಗಳು... ಆಮೇಲೆ ಇನ್ನೊಂದು ಹೊಳೆಯಿತು. ಭದ್ರಾವತಿಯವನ ಕೈಯಲ್ಲಿ ಗೆರೆ ಯಾಕೆ ಬರಲಿಲ್ಲ? ರಾಡು ಬದಲಾಗಿತ್ತು, ಅದಕ್ಕೆ. ಬದಲಿಸಿದವರು ಯಾರು? ಆ ಶೆಡ್ಡಿನಲ್ಲಿ ರಾಡು ಆರಿಸುವವರು ಒಬ್ಬರೇ.

ಮಾರನೇ ದಿನವೇ ಅಜ್ಜಂಪುರದ ಬಸ್ಸು ಹತ್ತಿದೆ. ದೊಡ್ಡಪ್ಪ ಅಷ್ಟು ಹೊತ್ತಿಗೆ ಕೆಲಸ ಬಿಟ್ಟು ಮನೆಯಲ್ಲಿದ್ದರು. ನನ್ನನ್ನು ನೋಡಿ ಮುಖ ಅರಳಿತು, ಸೊಸೆಗೆ ಕಾಫಿ ಇಡಲು ಹೇಳಿದರು. ನಾನು ಕೂರದೆ ಕೇಳಿದೆ, ರಾಡಿನ ವಿಷಯ ನಿಮಗೆ ಗೊತ್ತಿತ್ತಾ ಅಂತ. ಬೆರಳಿನ ಹಳೇ ಗೀರು ಸವರಿಕೊಳ್ಳುತ್ತಾ ಅಂದರು, “ತರುವಾಗ ಗೊತ್ತಿರ್ಲಿಲ್ಲ ಕಣವ್ವ, ನಿನ್ನಾಣೆ. ಕೈ ಕುಯ್ಯದ ಮಾಲು ಕೊಡಪ್ಪ ಅಂತ ಅಂಗಡಿಯೋನ್ನ ಕೇಳ್ದೆ, ಅವ್ನು ಕೊಟ್ಟ. ಇನ್ಸ್‌ಪೆಕ್ಟ್ರು ರಾಡೆಲ್ಲಿಂದು ಅಂದ್ರಲ್ಲ, ಅವಾಗ ಅನುಮಾನ ಬಂತು. ನೀ ಹೋದ್ಮೇಲೆ ಹಳೇ ಮಾಲೇ ತಂದು ನೋಡ್ದೆ.” ನೋಡಿದರಂತೆ. ನೋಡಿದರು, ಗೆರೆ ಬರಲಿಲ್ಲ, ಸುಮ್ಮನಾದರು.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಕೇಳಿದೆ ಅಂದರೆ ಕೂಗಿದೆ, ಕಾಫಿ ಹಿಡಿದು ಬಂದ ಸೊಸೆ ಬಾಗಿಲಲ್ಲೇ ನಿಂತರು. ದೊಡ್ಡಪ್ಪ ನಿಧಾನಕ್ಕೆ ಅಂದರು, “ನೀನು ಚಿಕ್ಕೋಳು ಮಗಾ. ನಿನ್ ಕೈ ಸರಿಯಿಲ್ಲ ಅಂದ್ರೆ ಇನ್ನೊಂದ್ ಕಡೆ ಹೋಯ್ತೀಯ. ನನ್ ಕಣ್ಣು ಸರಿಯಿಲ್ಲ, ಮಾಲು ಆರ್ಸಕ್ ಬರಲ್ಲ ಅಂದ್ರೆ, ಆ ವಯಸ್ಸಲ್ಲಿ ನಾನೆಲ್ಲಿಗ್ ಹೋಗ್ಲಿ?”

ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ. ಈಗ ನಡುಗುತ್ತಿದೆ, ಆಗ ನಡುಗುತ್ತಿರಲಿಲ್ಲ. ನಾನು ಎಲ್ಲೂ ಹೋಗಲಿಲ್ಲ ದೊಡ್ಡಪ್ಪ ಅಂದೆ, ಯಾರೂ ಕರೆಯಲಿಲ್ಲ, ಗೇಟು ಮಾಡುತ್ತಿದ್ದೇನೆ ಅಂದೆ. ಓನರಿಗೆ ಒಂದು ಮಾತು ಹೇಳಿ, ಅಷ್ಟು ಸಾಕು ಅಂದೆ. ಇವತ್ತಿಗೂ ಈ ಕಡೆ ಯಾರೇ ನಿಕ್ಕಲ್ ಕೆಲಸ ಕೊಡುವ ಮೊದಲು ಕೇಳುವುದು ಓನರನ್ನೇ. ನಾನೇ ನಂಬರ್ ಒತ್ತಿ ಫೋನನ್ನು ಅವರ ಮುಂದೆ ಹಿಡಿದೆ. ಆ ಕಡೆ ಓನರ್ ಹಲೋ ಹಲೋ ಅನ್ನುವುದು ಕೇಳಿಸುತ್ತಿತ್ತು. ದೊಡ್ಡಪ್ಪ ಕೈ ಚಾಚಲಿಲ್ಲ. ಆ ಕಡೆಯವರು ಇಟ್ಟುಬಿಟ್ಟರು. “ಫೋನಲ್ಲಿ ಬ್ಯಾಡ ಕಣವ್ವ. ಆಯುಧಪೂಜೆಗೆ ಶೆಡ್ಡಿಗೆ ಹೋಗ್ತೀನಲ್ಲ, ಎದುರಿಗೇ ಹೇಳ್ತೀನಿ. ಹೇಳೇ ಬತ್ತೀನಿ” ಅಂದರು. ನಾನು ನಂಬಿದೆ. ಕಾಫಿಯನ್ನೂ ಕುಡಿದು ಬಂದೆ.

ಆಯುಧಪೂಜೆ ಬಂತು, ಹೋಯಿತು. ಕಡೂರಿನಿಂದ ಫೋನ್ ಬರಲಿಲ್ಲ. ನಾನಾಗಿ ಇನ್ನೊಮ್ಮೆ ಅಜ್ಜಂಪುರಕ್ಕೆ ಹೋಗಿ ಬೇಡಲು ಮನಸ್ಸು ಒಪ್ಪಲಿಲ್ಲ. ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಮೊದಲು ಅಳು ಬಂತು. ಆಮೇಲೆ, ಹೇಳದೆಯೇ ಹೋದರಲ್ಲ ಅಂತ ಮೈಯೆಲ್ಲ ಉರಿಯಿತು. ಎರಡೂ ಒಟ್ಟಿಗೇ ಬಂದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ...

ಹನ್ನೊಂದನೇ ದಿನದ ಊಟಕ್ಕೆ ಹೋದೆ. ಶೆಡ್ಡಿನವರೆಲ್ಲ ಬಂದಿದ್ದರು. ಮೇಸ್ತ್ರಿ ಕೈಯಲ್ಲಿ ಒಂದು ಪೀಸೂ ಹಾಳಾಗಲಿಲ್ಲ ಅಂತ ಮಾತಾಡಿಕೊಳ್ಳುತ್ತಿದ್ದರು. ಓನರ್ ನನ್ನನ್ನು ನೋಡಿ ಹತ್ತಿರ ಬಂದರು, ಕಣ್ಣು ಒದ್ದೆಯಾಗಿತ್ತು. “ನಿನ್ ಮೇಲೆ ಭಾಳ ಪ್ರೀತಿ ಕಣಮ್ಮ ಅವ್ರಿಗೆ. ಆಯುಧಪೂಜೆಗೆ ಬಂದಾಗ್ಲೂ ನಿಂದೇ ಮಾತು. ಆ ಮಗೀನ್ ಕೈ ಇಷ್ಟೊತ್ತಿಗೆ ಸರಿಹೋಗಿರ್ತದೆ, ಒಂದ್ಸಲ ಕರ್ದು ನೋಡ್ರಿ ಅಂದ್ರು. ನಾನೇ ಬ್ಯಾಡ ಬಿಡಿ ಅಂದೆ.”

ಸರಿಹೋಗಿರ್ತದೆ. ನನಗೆ ಕೆಲಸ ಕೊಡಿಸಲು ಹೊರಟಿದ್ದರು ದೊಡ್ಡಪ್ಪ, ತಮ್ಮ ಆಯಸ್ಕಾಂತದ ತಪ್ಪನ್ನು ಬಚ್ಚಿಟ್ಟುಕೊಂಡು, ನನ್ನ ಕೈಗೇ ಮತ್ತೊಮ್ಮೆ ಕೆಟ್ಟ ಹೆಸರು ಹಚ್ಚಿ. ನಾನು ಅಲ್ಲೇ ಓನರಿಗೆ ಎಲ್ಲ ಹೇಳಿದೆ. ರಾಡು, ಗಂಧಕ, ಪುಡಿ, ಬದಲಿಸಿದ್ದು. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು, “ಸತ್ತೋರ್ ಮನೇಲಿ ನಿಂತ್ಕಂಡು ಹಿಂಗೆಲ್ಲ ಮಾತಾಡ್ಬಾರ್ದು. ಹೋಗು, ಊಟ ಮಾಡು” ಅಂದರು. ದೊಡ್ಡಪ್ಪನ ಸೊಸೆ ಬಡಿಸುತ್ತಿದ್ದರು. ಅವತ್ತು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡವರು ಅವರು. ನನ್ನ ಎಲೆಗೆ ಬಡಿಸುವಾಗ ತಲೆ ಎತ್ತಲಿಲ್ಲ, ಪಾಯಸ ಮಾತ್ರ ಎರಡೆರಡು ಸಲ ಹಾಕಿದರು.

ಈಗ ನನ್ನ ಅಂಗಡಿ ಚೆನ್ನಾಗಿಯೇ ನಡೆಯುತ್ತದೆ. ತರೀಕೆರೆಯಲ್ಲಿ ನನ್ನ ಗೇಟಿಲ್ಲದ ಬೀದಿ ಇಲ್ಲ. ಒಂದು ಮೂಲೆಯಲ್ಲಿ ನಿಕ್ಕಲ್ ಹಾಕುವ ಟಿಗ್ ವೆಲ್ಡಿಂಗ್ ಮೆಷಿನ್ ಹೊದಿಕೆ ಹೊದ್ದು ಕೂತಿದೆ, ನಿಕ್ಕಲ್ ಕೆಲಸ ಕೇಳಿಕೊಂಡು ಯಾರೂ ಬರುವುದಿಲ್ಲ. ಒಮ್ಮೊಮ್ಮೆ ಗ್ರಿಲ್ಲಿಗೆ ವೆಲ್ಡಿಂಗ್ ಟಾಕಿ ಹಾಕುತ್ತಾ ಕೂತಾಗ ಮನಸ್ಸಿನಲ್ಲೇ ಅವರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸುತ್ತೇನೆ, ಅವರ ಸರದಿ ಬಂದಾಗ ಅಲ್ಲಿ ಯಾರೂ ಇರುವುದಿಲ್ಲ. ನನ್ನ ಕೈ ಚೊಕ್ಕ ಅಂತ ಮೊದಲು ಹೇಳಿದವರು ಅವರು. ಅಲ್ಲ ಅಂತ ಊರಿಗೆ ನಂಬಿಸಿದವರೂ ಅವರೇ. ಆ ಮಾತನ್ನು ಅಳಿಸಬಲ್ಲವರು ಬೇರೆ ಯಾರೂ ಇರಲಿಲ್ಲ.